ಯಾರೂ ಬೆರಗಾಗದ ಹಾಡು

ಮೂರು ವರ್ಷಗಳ ಹಿಂದೆ ಹಾಡು ಸಂಗ್ರಹಕ್ಕೆಂದು ಇಂಡಿ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಆ ದಿನ ನನಗೆ ಒಂದು ಹಾಡೂ ಸಿಗಲಿಲ್ಲ. ಹಾಡುವವರೆಲ್ಲ ಊರ ಹೊರಗಿನ ಕೆರೆಯ ಒಡ್ಡಿನ ಮೇಲೆ ನಿಂತಿದ್ದರು. ಎಷ್ಟೋ ವರ್ಷಗಳಿಂದ ಬರೀ ಜಾಲಿಕಂಟಿ ಬೆಳೆದಿದ್ದ ಕೆರೆಗೆ ಹಿಂದಿನ ರಾತ್ರಿ ಕಾಲುವೆಯ ನೀರು ಬಂದಿತ್ತು. ಹುಡುಗರು ಕ್ರಿಕೆಟ್ ಆಡುತ್ತಿದ್ದ ಜಾಗ ಮುಳುಗಿತ್ತು. ಪಿಚ್ ಎಲ್ಲಿತ್ತು ಎಂದು ಅವರವರಲ್ಲೇ ವಾದ ನಡೆದಿತ್ತು. ಹೆಂಗಸರು ಅರಿಷಿಣ ಕುಂಕುಮ, ಖಣ, ಕಾಯಿ ತಂದು ಗಂಗವ್ವನಿಗೆ ಉಡಿ ತುಂಬುತ್ತಿದ್ದರು. ಮೋಡವಿಲ್ಲದೆ, ಮಳೆಯಿಲ್ಲದೆ ತುಂಬಿದ ಕೆರೆಯನ್ನು ನೋಡುತ್ತ ನಾನೂ ಎಲ್ಲರಂತೆ ಬಾಯಿ ಬಿಟ್ಟುಕೊಂಡು ನಿಂತೆ. ನನ್ನ ಪಕ್ಕದಲ್ಲಿದ್ದ ಆಯಿಯೊಬ್ಬರು ಮಾತ್ರ ಸೆರಗನ್ನು ಬಾಯಿಗೆ ಹಿಡಿದು ಮೆಲ್ಲಗೆ ಅಂದರು: "ಇಷ್ಟ್ ನೀರ ಬರಬೇಕಂದ್ರ ಯಾರನ್ನ ಕೊಟ್ಟಾರೋ ಏನೋ." ಸುತ್ತಲಿದ್ದವರು ನಕ್ಕರು. "ನಿಂದೊಂದ ಆಯಿ!" ಎಂದು ಮೊಮ್ಮಗಳು ಅವರ ಕೈ ಹಿಡಿದು ಮುಂದೆ ಕರೆದೊಯ್ದಳು.

ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ಆಯಿ ತಮಾಷೆ ಮಾಡಿರಲಿಲ್ಲ, ಮೂಢನಂಬಿಕೆಯ ಮಾತನ್ನೂ ಆಡಿರಲಿಲ್ಲ. ತುಂಬಿದ ಕೆರೆಯನ್ನು ಕಂಡಾಗ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ್ದರು. ಆ ಪ್ರಶ್ನೆಯನ್ನು ಅವರಿಗೆ ಕಲಿಸಿದ್ದು ಒಂದು ಹಾಡು ಎಂದೇ ನನ್ನ ಊಹೆ. ಕನ್ನಡ ಓದಿದ ನಮಗೆಲ್ಲ ಗೊತ್ತಿರುವ 'ಕೆರೆಗೆ ಹಾರ'. ಹಾಡಿನ ಹೆಸರು ನನಗೂ ಗೊತ್ತಿತ್ತು, ಪಾಠವೂ ಗೊತ್ತಿತ್ತು. ಅದರ ಮೇಲೆ ಟಿಪ್ಪಣಿಯನ್ನೂ ಬರೆದಿದ್ದೆ. ಆದರೂ ಆ ಕೆರೆಯ ದಂಡೆಯಲ್ಲಿ ನನಗೆ ಹಾಡು ನೆನಪಾಗಲಿಲ್ಲ, ಆಯಿಗೆ ನೆನಪಾಯಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುವುದೇ ಈ ಬರಹದ ಉದ್ದೇಶ.

ನಮ್ಮ ಸೀಮೆಯ ಬಗ್ಗೆ ಎರಡು ಮಾತು ಹೇಳಬೇಕು. ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಇಂಡಿ ಮತ್ತು ಸಿಂದಗಿಯ ಕಡೆ, ಭೀಮೆ ಹರಿಯುತ್ತಾಳೆ. ದಕ್ಷಿಣದ ಅಂಚಿನಲ್ಲಿ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಕಡೆ, ಕೃಷ್ಣೆ ಹರಿಯುತ್ತಾಳೆ. ನಡುವೆ ಡೋಣಿ. ಹೀಗಿದ್ದೂ ಬರಗಾಲ ಎಂದರೆ ಮೊದಲು ನೆನಪಾಗುವ ಜಿಲ್ಲೆ ನಮ್ಮದೇ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಂಡಿಯ ಲಿಂಬಿಯನ್ನು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡ ರೈತರಿದ್ದಾರೆ. ಸಿಂದಗಿ ತಾಲೂಕಿನ ನಮ್ಮ ಮನೆಯಲ್ಲಿ ನಾನು ಬಾಲ್ಯದಲ್ಲಿ ಅತಿ ಹೆಚ್ಚು ಸಲ ಕೇಳಿದ ಅಚ್ಚರಿಯ ಉದ್ಗಾರ ಒಂದೇ: "ನಳಾ ಬಂತು!" ನಡುರಾತ್ರಿ ಎದ್ದು ಕೊಡ ಹಿಡಿಯುತ್ತಿದ್ದೆವು. ಎಲ್ಲ ಕೊಡ ತುಂಬುವ ಹೊತ್ತಿಗೆ ಅಚ್ಚರಿ ಮುಗಿದು ನಿದ್ದೆ ಬರುತ್ತಿತ್ತು.

ದಿನನಿತ್ಯದ ಅಚ್ಚರಿಯ ಸ್ವಭಾವ ಇದೇ. ಅದು ಬರುತ್ತದೆ, ಒಂದು ಗಳಿಗೆ ಕುಣಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಹಾಗೆ ರೂಢಿಯಾಗದಿದ್ದರೆ ಬದುಕುವುದೂ ಕಷ್ಟ. ಆದರೆ ಇದೇ ರೂಢಿಗೆ ಇನ್ನೊಂದು ಮುಖವಿದೆ. ಒಳ್ಳೆಯ ಅಚ್ಚರಿ ಮಾಸುವಂತೆಯೇ, ಬೆಚ್ಚಿಬೀಳಬೇಕಾದ ಸಂಗತಿಯೂ ಮಾಸುತ್ತದೆ. ಹಾಗೆ ಮಾಸಿದ್ದನ್ನು ಮತ್ತೆ ಕಾಣುವಂತೆ ಮಾಡುವುದೇ ಕಲೆಯ ಕೆಲಸ ಎಂದು ರಷ್ಯಾದ ವಿಮರ್ಶಕ ವಿಕ್ಟರ್ ಶ್ಕ್ಲೋವ್‌ಸ್ಕಿ 1917ರಲ್ಲಿ ವಾದಿಸಿದ. ಪರಿಚಿತವಾದದ್ದನ್ನು ಅಪರಿಚಿತಗೊಳಿಸುವುದು ಅವನ ಸೂತ್ರ. ಎಂ.ಎ. ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿದವಳು ನಾನು. ಆದರೆ 'ಕೆರೆಗೆ ಹಾರ'ದ ಮುಂದೆ ಈ ಸೂತ್ರ ತಿರುಗುಮುರುಗಾಗುತ್ತದೆ. ಆ ಹಾಡು ಪರಿಚಿತವನ್ನು ಅಪರಿಚಿತ ಮಾಡುವುದಿಲ್ಲ. ಭಯಂಕರವಾದದ್ದನ್ನು ಪೂರಾ ಪರಿಚಿತವಾಗಿಯೇ ಇಡುತ್ತದೆ. ಕಸಿವಿಸಿ ಹುಟ್ಟುವುದು ಅಲ್ಲಿಂದಲೇ.

ಕಥೆ ಎಲ್ಲರಿಗೂ ಗೊತ್ತು. ಆದರೂ ಒಮ್ಮೆ ನಿಧಾನವಾಗಿ ನೋಡೋಣ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಅದರಲ್ಲಿ ಗುಟುಕು ನೀರೂ ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಹಾರ ಕೊಡಬೇಕು ಎಂದು ಬರುತ್ತದೆ. ಹಾರ ಎಂದರೆ ಆಹಾರ, ಬಲಿ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲ, ಹಾಗಾಗಿ ಕಿರಿಸೊಸೆ ಭಾಗೀರಥಿಯನ್ನು ಕೊಡುವುದೆಂದು ತೀರ್ಮಾನವಾಗುತ್ತದೆ. ಭಾಗೀರಥಿ ತವರಿಗೆ ಹೋಗುತ್ತಾಳೆ, ಗೆಳತಿಯ ಮನೆಗೆ ಹೋಗುತ್ತಾಳೆ, ಮರಳಿ ಬರುತ್ತಾಳೆ. ಮನೆಮಂದಿಯೆಲ್ಲ ಗಂಗೆಯ ಪೂಜೆಗೆ ಹೋಗಿ, ಉಂಡು, ಹೊರಡುತ್ತಾರೆ. ಬಂಗಾರದ ಬಟ್ಟಲು ಮರೆತು ಬಂದೆವು ಎಂದು ಯಾರೋ ಅನ್ನುತ್ತಾರೆ. ತರಲು ಭಾಗೀರಥಿ ಹೋಗುತ್ತಾಳೆ. ಅವಳು ಒಂದೊಂದು ಮೆಟ್ಟಿಲು ಏರಿದಂತೆ ನೀರೂ ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನೆ, ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ, ಕೊನೆಗೆ ತಾನೂ ಕೆರೆಗೆ ಹಾರುತ್ತಾನೆ. ಹಾಡುವವರಿಂದ ಹಾಡುವವರಿಗೆ ಸಣ್ಣಪುಟ್ಟ ವ್ಯತ್ಯಾಸವಿದ್ದರೂ ಕಥೆಯ ನಡೆ ಇದು.

ಈಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ಹಾಡಿನಲ್ಲಿ ಬೆರಗಾದವರು ಯಾರು? ಹೊತ್ತಿಗೆಯ ಮಾತು ಕೇಳಿ ಮಲ್ಲನಗೌಡ ಬೆಚ್ಚುವುದಿಲ್ಲ. 'ಕೊಡಬೇಕೇ?' ಎಂಬ ಪ್ರಶ್ನೆ ಹಾಡಿನಲ್ಲಿ ಏಳುವುದೇ ಇಲ್ಲ, ಏಳುವುದು 'ಯಾರನ್ನು?' ಎಂಬ ಪ್ರಶ್ನೆ ಮಾತ್ರ. ಅದಕ್ಕೂ ಮನೆವಾರ್ತೆಯ ಲೆಕ್ಕದಲ್ಲೇ ಉತ್ತರ. ಹಿರಿಯಳಿಗೆ ಜವಾಬ್ದಾರಿ ಇದೆ, ಕಿರಿಯಳಿಗೆ ಇಲ್ಲ. ಮದುವೆಗೆ ಯಾರು ಹೋಗಬೇಕು, ಹೊಲಕ್ಕೆ ಬುತ್ತಿ ಯಾರು ಒಯ್ಯಬೇಕು ಎಂದು ತೀರ್ಮಾನಿಸುವ ಧ್ವನಿಯಲ್ಲೇ ಸಾಯುವವರು ಯಾರು ಎಂಬುದೂ ತೀರ್ಮಾನವಾಗುತ್ತದೆ.

ತವರಿನ ಭಾಗ ಇನ್ನೂ ಸೂಕ್ಷ್ಮ. ಎಂದೂ ಬಾರದ ಮಗಳು ಇಂದು ಕಣ್ಣೀರು ಹಾಕುತ್ತ ಯಾಕೆ ಬಂದಳು ಎಂದು ತಂದೆ ಕೇಳುತ್ತಾನೆ. ಅವಳು ನಿಜ ಹೇಳುವುದಿಲ್ಲ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಬೇರೆ ಇಟ್ಟರೆ ಇಡಲಿ, ನಾನು ಹೊಲಮನೆ ಕೊಡುತ್ತೇನೆ ಎಂದು ತಂದೆ ಸಮಾಧಾನ ಮಾಡುತ್ತಾನೆ. ಎಷ್ಟು ಒಳ್ಳೆಯ ತಂದೆ! ಕೇಳಿದ ಕಷ್ಟಕ್ಕೆ ತಕ್ಷಣ ಪರಿಹಾರ ಕೊಟ್ಟ. ಆದರೆ ಅಷ್ಟು ಅಳುವಿಗೆ ಇಷ್ಟು ಸಣ್ಣ ಕಾರಣ ಇರಲಾರದು ಎಂದು ಅವನಿಗೆ ಅನಿಸಲಿಲ್ಲ. ಎರಡನೆಯ ಸಲ ಕೇಳಲಿಲ್ಲ. ಭಾಗೀರಥಿ ಸಣ್ಣ ದುಃಖವನ್ನು ಮುಂದಿಟ್ಟು ಪರೀಕ್ಷೆ ಮಾಡುತ್ತಾಳೆ. ಅದನ್ನು ದಾಟಿ ದೊಡ್ಡದನ್ನು ಯಾರಾದರೂ ಕೇಳಬಹುದೇ ಎಂದು ಕಾಯುತ್ತಾಳೆ. ಯಾರೂ ಕೇಳುವುದಿಲ್ಲ.

ಗೆಳತಿಗೆ ಮಾತ್ರ ಅವಳು ನಿಜ ಹೇಳುತ್ತಾಳೆ. ನನ್ನನ್ನು ಕೆರೆಗೆ ಕೊಡುತ್ತಾರಂತೆ ಎನ್ನುತ್ತಾಳೆ. ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂಬರ್ಥದ ಮಾತು ಗೆಳತಿಯ ಬಾಯಿಂದ ಬರುತ್ತದೆ. ಇಡೀ ಹಾಡಿನಲ್ಲಿ ನನ್ನನ್ನು ಅತಿ ಹೆಚ್ಚು ಕಂಗೆಡಿಸುವ ಜಾಗ ಇದು. ಗೆಳತಿ ಕೆಟ್ಟವಳಲ್ಲ. ಮುಂದೆ ಮಾದೇವರಾಯನ ಎದುರು ನಿಜ ಹೇಳಿ ಅಳುವವಳೂ ಅವಳೇ. ಆದರೆ ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲಿ ಅವಳ ನಾಲಿಗೆಗೆ ಸಿಕ್ಕಿದ್ದು, ಗಂಡನ ಮನೆಯ ಸಣ್ಣ ಕಷ್ಟಗಳಿಗೆಲ್ಲ ಹೆಂಗಸರು ಹೆಂಗಸರಿಗೆ ಹೇಳುತ್ತ ಬಂದ ಅದೇ ಹಳೆಯ ಬುದ್ಧಿಮಾತು. ಅತ್ತೆ ಬೈದರೂ ಅದೇ ಮಾತು, ಕೊಲ್ಲುತ್ತಾರೆ ಎಂದರೂ ಅದೇ ಮಾತು. ಎರಡರ ನಡುವಿನ ಅಂತರ ಅವಳಿಗೆ ಕಾಣಲೇ ಇಲ್ಲ.

ಇನ್ನು ಬಂಗಾರದ ಬಟ್ಟಲು. ಭಾಗೀರಥಿಯನ್ನು ಯಾರೂ ನೀರಿಗೆ ನೂಕುವುದಿಲ್ಲ, ಕೈಕಾಲು ಕಟ್ಟುವುದಿಲ್ಲ. ಮರೆತ ಸಾಮಾನು ತರಲು ಕಿರಿಸೊಸೆಯನ್ನು ಕಳಿಸುವುದು ಯಾವ ಮನೆಯಲ್ಲಿ ಇಲ್ಲ? ಆ ನಿತ್ಯದ ಕೆಲಸದ ಒಳಗೇ ಕೊಲೆ ಕೂತಿದೆ. ನೀರು ಪಾದಕ್ಕೆ ಬಂತು, ಮೇಲೆ ಬಂತು, ತುಂಬಿತು ಎಂದು ಹಾಡು ಮೆಟ್ಟಿಲು ಎಣಿಸುತ್ತದೆ. ಹಾಡುವವರ ಧ್ವನಿಯಲ್ಲಿ ಏರಿಳಿತವಿಲ್ಲ. ಹಿಂದಿನ ಸಾಲಿನಲ್ಲಿ ಅಡುಗೆ ಮಾಡಿದ ಧಾಟಿಯಲ್ಲೇ ಮುಂದಿನ ಸಾಲಿನಲ್ಲಿ ಮುಳುಗುವುದೂ ನಡೆಯುತ್ತದೆ. ಬೀಸುವಾಗ, ಕುಟ್ಟುವಾಗ ಹಾಡಿಕೊಂಡು ಬಂದವರ ಧಾಟಿ ಅದು. ಕಲ್ಲು ನಿಲ್ಲುವುದಿಲ್ಲ, ಹಾಡೂ ನಿಲ್ಲುವುದಿಲ್ಲ.

ಊರು ಬಿಟ್ಟು ದೂರ ಇದ್ದವನೊಬ್ಬ ಮಾತ್ರ ಬೆಚ್ಚುತ್ತಾನೆ, ಅದೂ ಕನಸಿನಲ್ಲಿ. ಎಚ್ಚರವಾಗಿದ್ದವರು ಯಾರೂ ಬೆಚ್ಚಲಿಲ್ಲ. ಮಾದೇವರಾಯ 'ಎಲ್ಲಿ?' ಎಂದು ಮನೆಯಿಂದ ಮನೆಗೆ ಕೇಳುತ್ತ ಹೋಗುತ್ತಾನೆ. ಒಂದು ಪ್ರಶ್ನೆಯನ್ನು ಉತ್ತರ ಸಿಗುವ ತನಕ ಕೇಳುವ ಒಬ್ಬನೇ ಮನುಷ್ಯ ಅವನು. ಅವನು ಬಂದಾಗ ಹೊತ್ತು ಮೀರಿತ್ತು.

ಇದರ ಪಕ್ಕದಲ್ಲಿ 'ಗೋವಿನ ಹಾಡ'ನ್ನು ಇಟ್ಟು ನೋಡಿ. ಪುಣ್ಯಕೋಟಿಯೂ ಸಾವಿಗೆ ಒಪ್ಪಿಕೊಂಡು ಕರುವಿನ ಹತ್ತಿರ ಹೋಗಿ ಮರಳಿ ಬರುತ್ತಾಳೆ. ಭಾಗೀರಥಿಯೂ ತವರಿಗೆ ಹೋಗಿ ಮರಳಿ ಬರುತ್ತಾಳೆ. ಇಬ್ಬರೂ ಓಡಿಹೋಗಬಹುದಿತ್ತು, ಇಬ್ಬರೂ ಓಡಿಹೋಗುವುದಿಲ್ಲ. ಆದರೆ ಅಲ್ಲಿ ಹುಲಿ ಬೆರಗಾಗುತ್ತದೆ. ತಿನ್ನುವುದೇ ರೂಢಿಯಾಗಿದ್ದ ಪ್ರಾಣಿ, ಮಾತಿಗೆ ತಪ್ಪದೆ ಎದುರು ಬಂದು ನಿಂತ ಹಸುವನ್ನು ಕಂಡು ತನ್ನ ರೂಢಿಯನ್ನೇ ಕಳೆದುಕೊಳ್ಳುತ್ತದೆ. ಪುಣ್ಯಕೋಟಿಯ ಸತ್ಯದಷ್ಟೇ ಆ ಹುಲಿಯ ಬೆರಗೂ ಅವಳನ್ನು ಉಳಿಸಿತು. ನಾವು ಮಕ್ಕಳಿಗೆ ಸತ್ಯದ ಪಾಠ ಹೇಳುತ್ತೇವೆ, ಬೆರಗಿನ ಪಾಠ ಬಿಟ್ಟುಬಿಡುತ್ತೇವೆ. 'ಕೆರೆಗೆ ಹಾರ'ದಲ್ಲಿ ಭಾಗೀರಥಿಯೂ ಅಷ್ಟೇ ನಿಷ್ಠೆಯಿಂದ ನಡೆದುಕೊಂಡಳು. ಆದರೆ ಅವಳ ಎದುರಿಗೆ ಇದ್ದವರಲ್ಲಿ ಒಬ್ಬ ಹುಲಿಯೂ ಇರಲಿಲ್ಲ. ಇದ್ದವರೆಲ್ಲ ಮನುಷ್ಯರೇ.

ಕಟ್ಟಡ ನಿಲ್ಲಲು ಹೆಣ್ಣನ್ನು ಬಲಿಕೊಡುವ ಹಾಡು ನಮ್ಮಲ್ಲಿ ಮಾತ್ರ ಇದೆಯೆಂದಲ್ಲ. ಸರ್ಬಿಯಾದಲ್ಲಿ ಸ್ಕಾದರ್ ಕೋಟೆಯ ಹಾಡಿದೆ, ರುಮೇನಿಯಾದಲ್ಲಿ ಮೇಸ್ತ್ರಿ ಮನೋಲೆಯದು, ಗ್ರೀಸಿನಲ್ಲಿ ಆರ್ತಾ ಸೇತುವೆಯದು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡಿಸ್ 1996ರಲ್ಲಿ ಇಂಥ ಹಾಡುಗಳ ಕುರಿತ ಲೇಖನಗಳ ಸಂಕಲನವನ್ನೇ ತಂದರು. ಭಾರತದ ಹಾಡುಗಳೂ ಅಲ್ಲಿ ಚರ್ಚೆಗೆ ಬಂದಿವೆ. ಸ್ಕಾದರಿನ ಸೊಸೆ ಗೋಡೆಯೊಳಗೆ ನಿಂತು, ಕೂಸಿಗೆ ಹಾಲು ಕುಡಿಸಲು ಕಿಂಡಿ ಬಿಡಿ ಎಂದು ಬೇಡುತ್ತಾಳೆ. ಮನೋಲೆಯ ಹೆಂಡತಿ ಗೋಡೆ ಏರುವುದನ್ನು ಮೊದಲು ಆಟವೆಂದುಕೊಂಡು, ಆಮೇಲೆ ಅಳುತ್ತ ಕೂಗುತ್ತಾಳೆ. ಅಲ್ಲಿ ಕೂಗು ಇದೆ. ನಮ್ಮ ಹಾಡಿನಲ್ಲಿ ಮುಳುಗುವಾಗ ಕೂಗಿಲ್ಲ. ಕಾಫ್ಕಾನ 'ಮೆಟಮಾರ್ಫಸಿಸ್' (1915) ಓದಿದವರಿಗೆ ಈ ತಣ್ಣಗಿನ ಧಾಟಿ ನೆನಪಾಗಬಹುದು. ಬೆಳಿಗ್ಗೆ ಎದ್ದಾಗ ಹುಳುವಾಗಿರುವ ಗ್ರೆಗರ್ ಸಾಮ್ಸಾನಿಗೆ ರೈಲು ತಪ್ಪಿತಲ್ಲ ಎಂಬ ಚಿಂತೆ. ಕಾಫ್ಕಾನನ್ನು ಓದಿ ಇಪ್ಪತ್ತನೆಯ ಶತಮಾನ ಬೆಚ್ಚಿಬಿತ್ತು ಎನ್ನುತ್ತೇವೆ. ಅದೇ ಕಸುವನ್ನು ನಮ್ಮ ಬೀಸುಕಲ್ಲಿನ ಪಕ್ಕದಲ್ಲಿ ಕೂತವರೂ ಬಲ್ಲವರಾಗಿದ್ದರು.

ಹಾಗಿದ್ದರೆ ಈ ಹಾಡನ್ನು ಓದಿ ನಾವು ಯಾಕೆ ಕಂಗೆಡುವುದಿಲ್ಲ? ಯಾಕೆಂದರೆ ಕಂಗೆಡದ ಹಾಗೆ ನಮ್ಮನ್ನು ತಯಾರು ಮಾಡಲಾಗಿದೆ. ನಾನು ಪಿಯುಸಿಯಲ್ಲಿದ್ದಾಗ ಬರೆದ ಉತ್ತರ ಇವತ್ತಿಗೂ ನೆನಪಿದೆ: ಭಾಗೀರಥಿಯ ತ್ಯಾಗ, ಊರಿನ ಹಿತ, ಕರುಣರಸ. ಐದಕ್ಕೆ ಐದು ಅಂಕ ಬಂದಿತ್ತು. ತ್ಯಾಗ ಎಂಬ ಒಂದು ಮಾತಿನಿಂದ ಹಾಡಿನ ಬಾಯಿ ಮುಚ್ಚಿಹೋಗುತ್ತದೆ. ತ್ಯಾಗ ಮಾಡುವವರು ಕೊಡುತ್ತಾರೆ, ಭಾಗೀರಥಿಯನ್ನು ಕೊಟ್ಟರು. ವ್ಯಾಕರಣದಲ್ಲೇ ವ್ಯತ್ಯಾಸವಿದೆ. ಇನ್ನು ಕರುಣರಸ ಎಂದರೆ ಶೋಕವೇ ಸ್ಥಾಯಿಯಾಗಿ ಕಣ್ಣೀರಿನಲ್ಲಿ ಹಗುರಾಗುವುದು. ಅತ್ತವರು ಎದ್ದು ಹೋಗಬಹುದು. ಕಸಿವಿಸಿಗೊಂಡವರು ಹಾಗೆ ಎದ್ದು ಹೋಗಲಾರರು.

ಕಲೆಯನ್ನು ಹೀಗೆ ಪಳಗಿಸುವುದು ಹೊಸದಲ್ಲ. ಬಸವನ ಬಾಗೇವಾಡಿಯ ಸೀಮೆ ಬಸವಣ್ಣನವರ ಹುಟ್ಟಿನ ಸೀಮೆ. ಅವರ ಕಾಲದ ಅಲ್ಲಮಪ್ರಭುವಿನ ಬೆಡಗಿನ ವಚನಗಳು ಕೇಳಿದವರ ಬುದ್ಧಿಯನ್ನು ಒಮ್ಮೆ ಜಗ್ಗಿ ನಿಲ್ಲಿಸುವಂಥವು. ಮುಂದಿನ ಶತಮಾನಗಳಲ್ಲಿ ಅವುಗಳಿಗೆ ಟೀಕೆಗಳು ಬಂದವು. ಈ ಪ್ರಾಣಿ ಎಂದರೆ ಈ ತತ್ತ್ವ, ಆ ಮರ ಎಂದರೆ ಆ ತತ್ತ್ವ ಎಂದು ಪಟ್ಟಿ ಮಾಡಿದರು. ಟೀಕೆಗಳಿಂದ ಉಪಕಾರವಾಗಿದೆ, ನಾನೂ ಅವುಗಳ ಋಣಿ. ಆದರೆ ಟೀಕೆ ಓದಿ ಮುಗಿಸಿದ ಮೇಲೆ ಬೆರಗು ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಹಾಗೆಯೇ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಆ ಪುಸ್ತಕ ಇಲ್ಲದಿದ್ದರೆ ನನ್ನ ಸಂಶೋಧನೆಯೇ ಇಲ್ಲ. ಆದರೂ 'ಗರತಿ' ಎಂಬ ಆ ಹೆಸರು ನಮ್ಮ ಕಿವಿಯನ್ನು ಮೊದಲೇ ಒಂದು ಕಡೆಗೆ ತಿರುಗಿಸಿಬಿಡುತ್ತದೆ. ತವರಿನ ನೆನಪು, ತಾಳ್ಮೆ, ಅಕ್ಕರೆ ಕೇಳಿಸುತ್ತವೆ. ಅದೇ ಹಾಡುಗಳಲ್ಲಿ ಮಡುಗಟ್ಟಿದ ಸಿಟ್ಟು ತಡವಾಗಿ ಕೇಳಿಸುತ್ತದೆ, ಕೆಲವೊಮ್ಮೆ ಕೇಳಿಸುವುದೇ ಇಲ್ಲ.

ಇಷ್ಟನ್ನೂ ನಾನು ಓದಿನಿಂದ ಕಂಡುಕೊಂಡೆ ಎಂದರೆ ಸುಳ್ಳಾಗುತ್ತದೆ. ನನಗೆ ಇದನ್ನು ಕಲಿಸಿದ್ದು ಒಂದು ತರಗತಿ. ಫೆಲೋಶಿಪ್ ಸಾಲದೆ, ನಮ್ಮ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸ್ವಲ್ಪ ಕಾಲ ಪಾಠ ಹೇಳಿದೆ. ಬಿ.ಎ. ಎರಡನೆಯ ವರ್ಷದವರಿಗೆ 'ಕೆರೆಗೆ ಹಾರ' ಓದಿಸುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಆಕಿ ಯಾಕ ಓಡಿ ಹೋಗ್ಲಿಲ್ಲರಿ ಮೇಡಂ?" ತರಗತಿ ನಕ್ಕಿತು. ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳು, ತಲೆ ಎತ್ತದೆ, ಒಂದೇ ಮಾತು ಅಂದಳು: "ಎಲ್ಲಿಗೆ?"

ನಗು ನಿಂತಿತು. ನನ್ನ ಟಿಪ್ಪಣಿಯಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ತವರಿಗೆ ಹೋಗಿ ಬಂದಾಯಿತು, ಗೆಳತಿಯ ಮನೆಗೂ ಹೋಗಿ ಬಂದಾಯಿತು, ಗಂಡ ದಂಡಿನಲ್ಲಿದ್ದಾನೆ. ಹಾಡು ಒಂದೊಂದೇ ಬಾಗಿಲು ತೋರಿಸಿ ಮುಚ್ಚುತ್ತ ಬಂದದ್ದು ಇದಕ್ಕೇ ಅಲ್ಲವೇ? 'ಎಷ್ಟು ಚಂದ ಹೇಳಿದಿ' ಎಂದು ಅವಳನ್ನು ಹೊಗಳಿದೆ. ಮನೆಗೆ ಬಂದು ಆ ಮಾತನ್ನು ನನ್ನ ಪ್ರಬಂಧದ ಕರಡಿನಲ್ಲೂ ಬರೆದುಕೊಂಡೆ, ವಿದ್ಯಾರ್ಥಿನಿಯ ಪ್ರತಿಕ್ರಿಯೆ ಎಂದು.

ಮುಂದಿನ ತಿಂಗಳಿನಿಂದ ಅವಳು ತರಗತಿಗೆ ಬರಲಿಲ್ಲ. ಮದುವೆ ಗೊತ್ತಾಗಿದೆ ಎಂದು ಗೆಳತಿಯರು ಹೇಳಿದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಎರಡು ವಾರ ಗೈರುಹಾಜರಿ ಹಾಕಿದೆ, ಮೂರನೆಯ ವಾರ ಅಡ್ಡಗೆರೆ ಎಳೆದೆ. ಆ ವರ್ಷ ಎಳೆದ ಮೊದಲ ಗೆರೆ ಅದಲ್ಲ. ಮುಂದಿನ ಹೆಸರು ಕರೆದೆ. 'ಮದುವಿ ಅಲ್ಲೇನ, ಚಲೋ ಆತು ಬಿಡ್ರಿ' ಎಂದೂ ಅಂದಿರಬೇಕು.

ಬಹಳ ದಿನಗಳ ನಂತರ ಕರಡನ್ನು ತಿದ್ದುವಾಗ ಆ "ಎಲ್ಲಿಗೆ?" ಮತ್ತೆ ಕಣ್ಣಿಗೆ ಬಿತ್ತು. ಆಗ ನನ್ನ ಬೆನ್ನು ತಣ್ಣಗಾಯಿತು. ಅವಳು ಹಾಡಿನ ವ್ಯಾಖ್ಯಾನ ಹೇಳಿರಲಿಲ್ಲ. ಭಾಗೀರಥಿ ತಂದೆಯ ಮುಂದೆ ಮಾಡಿದ ಹಾಗೆ, ಸಣ್ಣ ಮಾತೊಂದನ್ನು ಮುಂದಿಟ್ಟು, ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿಯಾರೇ ಎಂದು ನೋಡಿದ್ದಳೋ ಏನೋ. ನಾನು ಅಂಕ ಕೊಟ್ಟು ಕಳಿಸಿದೆ. ಅಲ್ಲಿಯ ತನಕ ನಾನು ಹಾಡಿನ ಹೊರಗೆ ನಿಂತು ಮಲ್ಲನಗೌಡನನ್ನು ಬೈಯುತ್ತಿದ್ದೆ. ಆ ರಾತ್ರಿ ಹಾಡು ನನ್ನನ್ನು ಒಳಗೆ ಕರೆದು ಗೆಳತಿಯ ಜಾಗದಲ್ಲಿ ಕೂರಿಸಿತು. ಮದುವೆ ಎಂದರೆ ಸಾವಲ್ಲ, ಆ ಹುಡುಗಿಗೆ ಒಪ್ಪಿಗೆಯೇ ಇದ್ದಿರಬಹುದು. ಆದರೆ ಒಪ್ಪಿಗೆ ಇದೆಯೇ ಎಂದು ನಾನು ಕೇಳಿರಲಿಲ್ಲ. ಅಷ್ಟು ಸಾಕು.

ಕಂಗೆಡಿಸುವ ಕಲೆ ನಮ್ಮ ಮೇಲೆ ಮಾಡುವ ಕೆಲಸ ಇದು ಎಂದು ನನಗೆ ಈಗ ಅನಿಸುತ್ತದೆ. ಅದು ನಮಗೆ ಅಚ್ಚರಿ ತೋರಿಸುವುದಿಲ್ಲ; ನಾವು ಎಲ್ಲೆಲ್ಲಿ ಅಚ್ಚರಿಪಡಲಿಲ್ಲ ಎಂಬುದನ್ನು ತೋರಿಸುತ್ತದೆ. ಹಾಡಿನೊಳಗೆ ಯಾರೂ ಬೆರಗಾಗದ ಕಾರಣ ಆ ಬೆರಗಿನ ಭಾರವೆಲ್ಲ ಕೇಳುವವರ ಮೇಲೆ ಬೀಳುತ್ತದೆ. ಹೊತ್ತುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಅದಕ್ಕೇ ಇಂಥ ಹಾಡು ತಕ್ಷಣ ಕೆಲಸ ಮಾಡುವುದಿಲ್ಲ. ಹನ್ನೆರಡು ವರ್ಷ ನನ್ನೊಳಗೆ ಸುಮ್ಮನೆ ಬಿದ್ದಿದ್ದು, ಒಂದು ಅಡ್ಡಗೆರೆ ಎಳೆದ ಮೇಲೆ ಅದು ಎದ್ದಿತು.

ಇಲ್ಲಿಂದ ಇಂಡಿಯ ಆಯಿಯ ಪ್ರಶ್ನೆಗೆ ಮರಳಬಹುದು. ಯಾರನ್ನು ಕೊಟ್ಟರು? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಏತ ನೀರಾವರಿ ಕಾಲುವೆಗಳಲ್ಲಿ ಹರಿದು ಕೆರೆ ತುಂಬುವ ನೀರು ಕೃಷ್ಣೆಯದು. ಅದನ್ನು ಹಿಡಿದು ನಿಲ್ಲಿಸಿದ ಆಲಮಟ್ಟಿ ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲೂಕಿನಲ್ಲಿದೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ನಡುವಿನ ನಾಲ್ಕು ದಶಕಗಳಲ್ಲಿ ನದಿದಂಡೆಯ ಹಳ್ಳಿಗಳು, ಕರಿಮಣ್ಣಿನ ಹೊಲಗಳು, ಬಾಗಲಕೋಟೆ ಪಟ್ಟಣದ ಒಂದು ಭಾಗ ಹಿನ್ನೀರಿನೊಳಗೆ ಹೋದವು. ಕೆಳಗೆ ನಾರಾಯಣಪುರದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ, ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಕಾಂಕ್ರೀಟ್ ಗೋಡೆ ಎಬ್ಬಿಸಿ ಉಳಿಸಿಕೊಂಡರು. ಇಂದಿಗೂ ಮೆಟ್ಟಿಲು ಇಳಿದು ದರ್ಶನ ಮಾಡುತ್ತೇವೆ. ಸುತ್ತ ನೀರಿದ್ದರೂ ಪಾದಕ್ಕೆ ನೀರು ಬರುವುದಿಲ್ಲ. ಅಂಥ ಗೋಡೆಯನ್ನು ಎಲ್ಲರ ಮನೆಗೂ ಕಟ್ಟಲಾಗದು ಎಂಬುದು ನಿಜ. ಆದರೆ ಮೆಟ್ಟಿಲಿಳಿಯುವಾಗ ಗೋಡೆ ಸಿಗದ ಮನೆಗಳ ನೆನಪಾದರೂ ಆಗಬೇಕು.

ಈಗ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಸುದ್ದಿಯಲ್ಲಿ ಈ ಅಂಕಿಗಳು ಬಂದಾಗೆಲ್ಲ ನನಗೆ ಹಾಡಿನ ಮೆಟ್ಟಿಲುಗಳು ನೆನಪಾಗುತ್ತವೆ. ನಾನು ನೀರು ಬೇಡ ಎನ್ನುವವಳಲ್ಲ. ನಡುರಾತ್ರಿ ಕೊಡ ಹಿಡಿದ ಮನೆಯಲ್ಲಿ ಬೆಳೆದವಳು ಹಾಗೆ ಅನ್ನಲಾರಳು. ಇಂಡಿಯ ಕೆರೆ ತುಂಬಬೇಕು, ಲಿಂಬಿ ತೋಟ ಉಳಿಯಬೇಕು. ಆದರೆ ಉಡಿ ತುಂಬುವ ಹೊತ್ತಿನಲ್ಲಿ ಕೊಟ್ಟವರ ಹೆಸರು ನೆನೆಯುವ ಒಬ್ಬ ಆಯಿಯಾದರೂ ಒಡ್ಡಿನ ಮೇಲೆ ಇರಬೇಕು. 'ಯಾರನ್ನು?' ಎಂದು ಮಾತ್ರ ಕೇಳುವ ಲೆಕ್ಕದ ಮುಂದೆ 'ಹೇಗೆ ಕೊಡುತ್ತೀರಿ, ಅವರನ್ನು ಕೇಳಿದಿರಾ, ಅವರೀಗ ಎಲ್ಲಿದ್ದಾರೆ?' ಎಂದು ಕೇಳುವವರು ಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಸಿವಿಸಿಯಿಂದ ಆಗುವುದೇನು? ನಿನ್ನ ಬೆನ್ನು ತಣ್ಣಗಾದರೆ ಯಾರ ಹೊಲ ಮೇಲೆದ್ದಿತು, ಯಾವ ಹುಡುಗಿ ಮರಳಿ ಬಂದಳು? ನ್ಯಾಯವಾದ ಪ್ರಶ್ನೆ. ಓದಿ ಕಂಗೆಟ್ಟೆವೆಂದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವ ಚಾಳಿ ಸಾಹಿತ್ಯದವರಲ್ಲಿ ಇದೆ, ನನ್ನಲ್ಲೂ ಇದೆ. ಕಂಗೆಡುವುದೇ ಒಂದು ಸಾಧನೆ ಎಂದುಕೊಂಡರೆ ಅದೂ ಕಣ್ಣೀರಿನ ಹಾಗೆ ಹಗುರಾಗುವ ಇನ್ನೊಂದು ದಾರಿಯಷ್ಟೇ. 'ಕೆರೆಗೆ ಹಾರ' ನನಗೆ ಇದಕ್ಕಿಂತ ಸಣ್ಣದೊಂದನ್ನು ಕಲಿಸಿದೆ: ಎರಡನೆಯ ಸಲ ಕೇಳು. ತಂದೆ ಎರಡನೆಯ ಸಲ ಕೇಳಿದ್ದರೆ ಹಾಡು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ ಎಂಬ ಆಸೆಯೇ ಈ ಹಾಡನ್ನು ಇಷ್ಟು ತಲೆಮಾರು ಹೆಂಗಸರು ಹಾಡಿಕೊಂಡು ಬರಲು ಒಂದು ಕಾರಣ ಇರಬಹುದು.

ಕರಡು ತಿದ್ದಿದ ಮರುದಿನ ಆ ಹುಡುಗಿಯ ಗೆಳತಿಯರಿಂದ ನಂಬರು ತೆಗೆದುಕೊಂಡು ಫೋನು ಮಾಡಿದೆ. ಅವಳಿಗೆ ಅಚ್ಚರಿಯಾಯಿತು. "ಮೇಡಂ, ನೀವಾ?" ಎಂದಳು. ಹೇಗಿದ್ದೀ ಎಂದೆ. "ಆರಾಮ ಅದೀನ್ರಿ" ಎಂದಳು. ಹಿಂದೆ ಪಾತ್ರೆಗಳ ಸದ್ದು, ಯಾರೋ ಕರೆಯುವ ಸದ್ದು. ಫೋನು ಇಡಲು ಅದು ಸಾಕಾದ ಉತ್ತರ. ಹಾಗೇ ಇಡುವವಳಿದ್ದೆ.

"ಖರೇ ಹೇಳು, ಹ್ಯಾಂಗದಿ?" ಎಂದು ಮತ್ತೆ ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ ಕೇಳಿದಳು: "ಮೇಡಂ, ಪರೀಕ್ಷಾ ಫೀ ಕಟ್ಟಾಕ ಕಡೀ ದಿನಾ ಯಾವಾಗರಿ?"